ಟೈರಿನ ಒಳಅಂಚನ್ನು ತಿಂದವರು ಯಾರು?

ಗಿಡ್ಡ ಸ್ಪ್ರಿಂಗ್ ಹಾಕಿಸಿ ತಗ್ಗಿಸಿದ ಕಾರುಗಳ ಟೈರಿಗೆ ಬರುವ ರೋಗ ಹೆಚ್ಚುಕಡಿಮೆ ಒಂದೇ ತೆರನಾದದ್ದು. ಹೊರಗಿನಿಂದ ನೋಡಿದರೆ ಗೀರುಗಳೆಲ್ಲ ಆಳವಾಗಿಯೇ ಇರುತ್ತವೆ, ಇನ್ನೊಂದೆರಡು ವರ್ಷ ಚಿಂತೆಯಿಲ್ಲ ಅನ್ನಿಸುತ್ತದೆ. ಕಾರನ್ನು ಲಿಫ್ಟಿಗೇರಿಸಿ ಒಳಬದಿಗೆ ಟಾರ್ಚ್ ಹಿಡಿದಾಗ ಎರಡು ಬೆರಳಗಲದ ಪಟ್ಟಿಯೊಂದು ಬೋಳಾಗಿರುವುದು ಕಾಣುತ್ತದೆ. ತಡವಾಗಿ ನೋಡಿದವರಿಗೆ ರಬ್ಬರಿನಡಿಯ ಉಕ್ಕಿನ ತಂತಿಯೇ ದರ್ಶನ ಕೊಡುತ್ತದೆ. ಗ್ಯಾರೇಜಿನವರು ಇದಕ್ಕೆ ‘ಗಾಡಿ ಟೈರ್ ತಿಂತಾ ಇದೆ’ ಅನ್ನುತ್ತಾರೆ. ತಿನ್ನುತ್ತಿರುವುದು ಏನು ಎಂಬ ಪ್ರಶ್ನೆಗೆ ಉತ್ತರವೂ ಸಿದ್ಧವಾಗಿರುತ್ತದೆ: ಕ್ಯಾಂಬರ್. ಚಕ್ರದ ನೆತ್ತಿ ಒಳಕ್ಕೆ ವಾಲಿದೆ, ಭಾರ ಒಳಅಂಚಿನ ಮೇಲೆ ಬಿದ್ದಿದೆ, ಆದ್ದರಿಂದ ಅಲ್ಲೇ ಸವೆದಿದೆ. ಕೇಳಲು ಸರಳವಾದ ವಾದ, ನೋಡಿದರೆ ನಿಜವೆನ್ನಿಸುವ ವಾದ, ಆದರೆ ಅರ್ಧಕ್ಕಿಂತ ಹೆಚ್ಚು ತಪ್ಪಾದ ವಾದ. ಟೈರು ಎಲ್ಲಿ ಸವೆಯಬೇಕು ಎಂಬುದನ್ನು ಕ್ಯಾಂಬರ್ ತೀರ್ಮಾನಿಸುತ್ತದೆ. ಎಷ್ಟು ಬೇಗ ಸವೆಯಬೇಕು ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಟೋ ಎಂಬ ಇನ್ನೊಂದು ಕೋನ. ತಗ್ಗಿಸಿದ ಕಾರನ್ನು ಸರಿಪಡಿಸುವಾಗ ಈ ಎರಡನ್ನು ಕಲೆಸಿಕೊಂಡರೆ ದುಡ್ಡು ಒಂದು ಕಡೆಗೆ ಹೋಗುತ್ತದೆ, ರಬ್ಬರು ಇನ್ನೊಂದು ಕಡೆ ಹೋಗುತ್ತಲೇ ಇರುತ್ತದೆ.

ಎರಡು ಕೋನಗಳ ಪರಿಚಯ ಚಿಕ್ಕದಾಗಿಯೇ ಸಾಕು. ಕಾರನ್ನು ಎದುರಿನಿಂದ ನೋಡಿದಾಗ ಚಕ್ರ ನೆಟ್ಟಗೆ ನಿಂತಿದೆಯೋ, ನೆತ್ತಿ ಒಳಕ್ಕೋ ಹೊರಕ್ಕೋ ವಾಲಿದೆಯೋ ಎಂಬುದು ಕ್ಯಾಂಬರ್. ಒಳಕ್ಕೆ ವಾಲಿದರೆ ಅದನ್ನು ನೆಗೆಟಿವ್ ಎನ್ನುತ್ತಾರೆ. ಆಕಾಶದಿಂದ ಕೆಳಗೆ ನೋಡಿದಂತೆ ಕಲ್ಪಿಸಿಕೊಂಡರೆ, ಎರಡು ಚಕ್ರಗಳ ಮೂತಿ ಒಂದರತ್ತ ಒಂದು ತಿರುಗಿದ್ದರೆ ಟೋ ಇನ್, ಒಂದಕ್ಕೊಂದು ಮುಖ ತಿರುಗಿಸಿದ್ದರೆ ಟೋ ಔಟ್. ಇಲ್ಲೊಂದು ಅಳತೆಯ ವಿಚಾರವಿದೆ, ತಪ್ಪು ರೋಗನಿರ್ಣಯಕ್ಕೆ ಮೂಲ ಅದೇ. 15 ಇಂಚಿನ ರಿಮ್ಮು 2 ಡಿಗ್ರಿ ವಾಲಿದರೆ ಅದರ ಮೇಲಂಚಿಗೂ ಕೆಳಅಂಚಿಗೂ 13 ಮಿಲಿಮೀಟರ್ ವ್ಯತ್ಯಾಸ ಬರುತ್ತದೆ. ರಸ್ತೆಯಾಚೆ ನಿಂತವರಿಗೂ ಅದು ಕಾಣುತ್ತದೆ. ಅದೇ ರಿಮ್ಮಿನಲ್ಲಿ 0.2 ಡಿಗ್ರಿ ಟೋ ಅಂದರೆ ಮುಂದಂಚು ಹಿಂದಂಚುಗಳ ನಡುವೆ ಬರೀ 1.3 ಮಿಲಿಮೀಟರ್. ಚಕ್ರದ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ನೋಡಿದರೂ ಅದು ಗೊತ್ತಾಗದು. ಕಣ್ಣಿಗೆ ಬೀಳುವ ಕೋನದ ಮೇಲೆ ಆರೋಪ ಹೊರಿಸುವುದು ಮನುಷ್ಯಸಹಜ. ಟೈರು ಮಾತ್ರ ಕಣ್ಣಿಗೆ ಬೀಳದ ಕೋನಕ್ಕೆ ಹೆಚ್ಚು ಮರ್ಯಾದೆ ಕೊಡುತ್ತದೆ.

ಕಾರು ತಗ್ಗಿಸಿದರೆ ಈ ಕೋನಗಳು ಬದಲಾಗುವುದೇಕೆ? ಚಕ್ರ ನೆಟ್ಟಗೆ ಮೇಲೆ ಕೆಳಗೆ ಜಾರುವುದಿಲ್ಲ, ಕಮಾನಿನಲ್ಲಿ ತೂಗುತ್ತದೆ, ಅಷ್ಟೇ ಕಾರಣ. ಚಕ್ರವನ್ನು ಹಿಡಿದಿರುವ ಲೋಯರ್ ಆರ್ಮಿನ ಒಳತುದಿ ಕಾರಿನ ಚೌಕಟ್ಟಿಗೆ ಸಿಕ್ಕಿಕೊಂಡಿದೆ, ಹೊರತುದಿ ವೃತ್ತದ ಒಂದು ತುಣುಕಿನ ಮೇಲೆ ಓಡಾಡುತ್ತದೆ. ತೊಂಬತ್ತರ ದಶಕದ ಹೋಂಡಾ ಸಿವಿಕ್‌ನಂಥ ಕಾರುಗಳಲ್ಲಿ ಮೇಲೊಂದು, ಕೆಳಗೊಂದು ಆರ್ಮ್ ಇರುತ್ತಿದ್ದವು. ಮೇಲಿನದು ಗಿಡ್ಡ, ಕೆಳಗಿನದು ಉದ್ದ. ಗಿಡ್ಡ ಆರ್ಮಿನ ವೃತ್ತ ಚಿಕ್ಕದಾದ್ದರಿಂದ ಅದರ ತುದಿ ಒಳಕ್ಕೆ ಬೇಗ ಸರಿಯುತ್ತದೆ. ಕೆಳಗಿನ ಆರ್ಮ್ 330 ಮಿ.ಮೀ., ಮೇಲಿನದು 200 ಮಿ.ಮೀ., ಎರಡೂ ಮೊದಲು ಅಡ್ಡಡ್ಡ ಮಲಗಿದ್ದವು ಎಂದಿಟ್ಟುಕೊಂಡು ಕಾರನ್ನು 40 ಮಿ.ಮೀ. ಇಳಿಸಿ ನೋಡಿ: ಕೆಳತುದಿ 2.4 ಮಿ.ಮೀ. ಒಳಕ್ಕೆ ಬಂದರೆ ಮೇಲ್ತುದಿ 4 ಮಿ.ಮೀ. ಬರುತ್ತದೆ. ಮೇಲಿನ ಆರ್ಮ್ ಮೊದಲೇ ಓರೆಯಾಗಿದ್ದರೆ ವ್ಯತ್ಯಾಸ ಇನ್ನೂ ದೊಡ್ಡದು. ಚಕ್ರದ ನೆತ್ತಿ ಒಳಕ್ಕೆ ವಾಲುವುದು ಹೀಗೆ. ವಿನ್ಯಾಸಕಾರರು ಬೇಕೆಂದೇ ಮಾಡಿದ ಏರ್ಪಾಡು ಇದು. ತಿರುವಿನಲ್ಲಿ ಕಾರು ಹೊರಕ್ಕೆ ಬಾಗಿದಾಗ ಹೊರಗಿನ ಚಕ್ರ ಅಷ್ಟೇ ಒಳಕ್ಕೆ ವಾಲಿ ಟೈರನ್ನು ನೆಲಕ್ಕೆ ಸಪಾಟಾಗಿ ಇಟ್ಟುಕೊಳ್ಳಲಿ ಎಂಬುದು ಅದರ ಉದ್ದೇಶ. ತಗ್ಗಿಸಿದ ಕಾರಿನಲ್ಲಿ ಆ ವಾಲು ನೇರ ರಸ್ತೆಯಲ್ಲೂ ಉಳಿದುಬಿಡುತ್ತದೆ.

ನಮ್ಮ ರಸ್ತೆಗಳಲ್ಲಿ ಓಡುವ ಸ್ವಿಫ್ಟ್, ಪೋಲೊ, ಐ20 ಮೊದಲಾದ ಸಣ್ಣ ಕಾರುಗಳ ಮುಂಭಾಗದಲ್ಲಿ ಇರುವುದು ಬೇರೆಯೇ ಜೋಡಣೆ. ಅರ್ಲ್ ಮ್ಯಾಕ್‌ಫರ್ಸನ್ ರೂಪಿಸಿದ, 1950ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಫೋರ್ಡ್ ಕಾನ್ಸಲ್ ಮತ್ತು ಜೆಫರ್ ಕಾರುಗಳ ಮೂಲಕ ಮನೆಮಾತಾದ ಸ್ಟ್ರಟ್ ಅದು. ಮೇಲಿನ ಆರ್ಮೇ ಇಲ್ಲ. ಶಾಕ್ ಅಬ್ಸಾರ್ಬರಿನ ಕೊಳವೆಯೇ ಆ ಕೆಲಸವನ್ನೂ ಮಾಡುತ್ತದೆ. ಇಲ್ಲಿ ಚಕ್ರ ಮೇಲೇರಿದಾಗ ಮೊದಮೊದಲು ಸ್ವಲ್ಪ ಒಳವಾಲು ಬರುತ್ತದೆ, ಲೋಯರ್ ಆರ್ಮಿನ ಹೊರತುದಿ ಒಂದು ಹಂತ ದಾಟಿ ಮೇಲೆದ್ದ ಮೇಲೆ ಅದು ನಿಂತುಹೋಗಿ ತಿರುಗು ಮುರುಗಾಗತೊಡಗುತ್ತದೆ. ಅಂದರೆ ಸ್ಟ್ರಟ್ ಇರುವ ಕಾರನ್ನು 40 ಮಿ.ಮೀ. ಇಳಿಸಿದರೆ ಕ್ಯಾಂಬರ್ ಅಷ್ಟೇನೂ ಬದಲಾಗಬೇಕಿಲ್ಲ. ಆದರೂ ಅಂಥ ಕಾರುಗಳ ಟೈರುಗಳೂ ತಗ್ಗಿಸಿದ ಮೇಲೆ ಬೇಗ ಬೋಳಾಗುತ್ತವೆ. ಕ್ಯಾಂಬರೇ ಅಪರಾಧಿ ಎನ್ನುವವರು ಮೊದಲು ಉತ್ತರ ಕೊಡಬೇಕಾದದ್ದು ಈ ಪ್ರಶ್ನೆಗೆ.

ಉತ್ತರ ಇರುವುದು ಟೈ ರಾಡಿನಲ್ಲಿ. ಸ್ಟೀರಿಂಗ್ ಬಾಕ್ಸಿನಿಂದ ಚಕ್ರದವರೆಗೆ ಚಾಚಿರುವ ಈ ಸರಳು ತನ್ನದೇ ವೃತ್ತದಲ್ಲಿ ತೂಗುತ್ತದೆ, ಲೋಯರ್ ಆರ್ಮ್ ತನ್ನ ವೃತ್ತದಲ್ಲಿ. ಎರಡೂ ಒಟ್ಟೊಟ್ಟಿಗೆ ಒಳಕ್ಕೆ ಹೊರಕ್ಕೆ ಸರಿದರೆ ಚಕ್ರದ ಮೂತಿ ಅಲುಗದು. ಕಾರ್ಖಾನೆಯಲ್ಲಿ ನಿಗದಿಯಾದ ಎತ್ತರದ ಆಸುಪಾಸಿನಲ್ಲಿ ಅವು ಹಾಗೆ ಹೊಂದಿಕೊಂಡಿರುತ್ತವೆ. ಆ ಎತ್ತರದಿಂದ ದೂರ ಹೋದಷ್ಟೂ ಹೊಂದಾಣಿಕೆ ಕೆಡುತ್ತದೆ. ಎಷ್ಟು ಕೆಡಬಹುದು ಎಂಬುದನ್ನು ಲೆಕ್ಕ ಹಾಕಬಹುದು. ಟೈ ರಾಡು ಇರಬೇಕಾದ ದಿಕ್ಕಿಗಿಂತ 3 ಡಿಗ್ರಿ ಓರೆಯಾಗಿದೆ ಎನ್ನಿ. ಕಾರು 40 ಮಿ.ಮೀ. ಇಳಿದಾಗ ಅದರ ತುದಿ ಸುಮಾರು 2 ಮಿ.ಮೀ. ಹೆಚ್ಚುವರಿಯಾಗಿ ಸರಿಯುತ್ತದೆ. ಚಕ್ರವನ್ನು ತಿರುಗಿಸುವ ತೋಳಿನ ಉದ್ದ 130 ಮಿ.ಮೀ. ಇದ್ದರೆ ಆ 2 ಮಿ.ಮೀ. ಚಕ್ರವನ್ನು 0.9 ಡಿಗ್ರಿ ತಿರುಗಿಸಿಬಿಡುತ್ತದೆ. ಸ್ಟೀರಿಂಗ್ ಬಾಕ್ಸು ಆಕ್ಸಲಿನ ಮುಂದಿದೆಯೋ ಹಿಂದಿದೆಯೋ, ಟೈ ರಾಡಿನ ಓರೆ ಯಾವ ಕಡೆಗೆ ಎಂಬುದರ ಮೇಲೆ ಅದು ಟೋ ಇನ್ ಆಗಬಹುದು, ಟೋ ಔಟ್ ಆಗಬಹುದು. ತಗ್ಗಿಸಿದ ಕಾರೆಲ್ಲ ಟೋ ಔಟ್ ಆಗುತ್ತದೆ ಎಂದು ಕಣ್ಣುಮುಚ್ಚಿ ಹೇಳುವ ಮೆಕ್ಯಾನಿಕ್ಕನ್ನು ನಂಬಬೇಕಿಲ್ಲ. ಯಾವ ಕಡೆಗೆ ಎಂಬುದು ಕಾರಿಗೆ ತಕ್ಕಂತೆ ಬೇರೆ, ಬದಲಾಗುವುದಂತೂ ಖಾತ್ರಿ.

0.9 ಡಿಗ್ರಿ ಅಂದರೆ ಅಷ್ಟು ದೊಡ್ಡದೇ ಎಂದು ಅನ್ನಿಸಬಹುದು. ಚಕ್ರ ಒಂದು ಕಡೆ ಮುಖ ಮಾಡಿಕೊಂಡು ಇನ್ನೊಂದು ಕಡೆ ಚಲಿಸಬಲ್ಲದು ಎಂಬ ಸಂಗತಿಯನ್ನು 1925ರಲ್ಲಿ ಫ್ರಾನ್ಸಿನ ಜಾರ್ಜ್ ಬ್ರುಲಿಯೆ ವಿವರಿಸಿದರು. ಟೈರಿನ ಮೂತಿಗೂ ಅದರ ನಿಜವಾದ ದಾರಿಗೂ ನಡುವಿನ ಕೋನವನ್ನು ಈಗ ಸ್ಲಿಪ್ ಕೋನ ಎನ್ನುತ್ತೇವೆ. ತಿರುವಿನಲ್ಲಿ ಕಾರನ್ನು ಹಿಡಿದಿಡುವುದೇ ಈ ಕೋನ. ಟೋ ಕೆಟ್ಟ ಕಾರಿನಲ್ಲಿ ತಿರುವೇ ಇಲ್ಲದಿದ್ದರೂ ಎರಡು ಚಕ್ರಗಳೂ ಎದುರುಬದುರು ಸ್ಲಿಪ್ ಕೋನದಲ್ಲಿ ಓಡುತ್ತಿರುತ್ತವೆ. ಒಂದರ ತಳ್ಳಾಟ ಇನ್ನೊಂದರದ್ದಕ್ಕೆ ಸರಿಹೋಗುವುದರಿಂದ ಕಾರು ನೆಟ್ಟಗೇ ಸಾಗುತ್ತದೆ, ಡ್ರೈವರಿಗೆ ಸುಳಿವೇ ಸಿಗದು. ಒಟ್ಟು 3 ಮಿ.ಮೀ. ಟೋ ತಪ್ಪಿದೆ, ಅಂದರೆ 15 ಇಂಚಿನ ರಿಮ್ಮಿನಲ್ಲಿ ಒಂದೊಂದು ಚಕ್ರಕ್ಕೆ 0.225 ಡಿಗ್ರಿ, ಎಂದು ಹಿಡಿದರೆ ಪ್ರತಿ ಕಿಲೋಮೀಟರಿಗೆ ಚಕ್ರ ತನ್ನ ಮೂತಿಯ ದಿಕ್ಕಿನಿಂದ ಸುಮಾರು 4 ಮೀಟರು ಅಡ್ಡಕ್ಕೆ ಎಳೆಸಿಕೊಂಡಿರುತ್ತದೆ. 10,000 ಕಿ.ಮೀ. ಓಡಿದಾಗ 40 ಕಿ.ಮೀ. ಅಡ್ಡ ಎಳೆತ.

ಈ ಲೆಕ್ಕವನ್ನು ಹಾಗೆಯೇ ನುಂಗಬಾರದು. ಟೈರು ಗಟ್ಟಿ ಲೋಹದ ಗಾಲಿಯಾಗಿದ್ದರೆ ಅಷ್ಟೂ ದೂರ ಉಜ್ಜಾಟವೇ ಆಗುತ್ತಿತ್ತು. ರಬ್ಬರು ಬಾಗುತ್ತದೆ. ಟ್ರೆಡ್ಡಿನ, ಅಂದರೆ ನೆಲಕ್ಕೆ ತಾಗುವ ರಬ್ಬರಿನ, ಒಂದೊಂದು ತುಂಡೂ ನೆಲ ಮುಟ್ಟಿದ ಕ್ಷಣ ಅಲ್ಲೇ ಅಂಟಿಕೊಳ್ಳುತ್ತದೆ, ಚಕ್ರ ಮುಂದೆ ಹೋದಂತೆ ಪಕ್ಕಕ್ಕೆ ಬಾಗುತ್ತಾ ಹೋಗುತ್ತದೆ, ನೆಲ ಬಿಡುವ ಮುಂಚೆ ಒತ್ತಡ ತಗ್ಗಿದಾಗ ಹಿಡಿತ ತಪ್ಪಿ ತನ್ನ ಜಾಗಕ್ಕೆ ಜಾರುತ್ತದೆ. ಸವೆತ ಆಗುವುದು ಈ ಕೊನೆಯ ಜಾರಿಕೆಯಲ್ಲಿ. ನೆಲಕ್ಕೆ ತಾಗಿರುವ ಭಾಗ 15 ಸೆಂಟಿಮೀಟರ್ ಉದ್ದವಿದ್ದರೆ ಮೇಲಿನ ಉದಾಹರಣೆಯಲ್ಲಿ ಜಾರಿಕೆ 0.6 ಮಿ.ಮೀ.ನಷ್ಟೇ. ಆದರೆ 185/65 ಆರ್15 ಅಳತೆಯ ಟೈರು ಒಂದು ಕಿಲೋಮೀಟರಿನಲ್ಲಿ ಸುಮಾರು 510 ಸುತ್ತು ಹಾಕುತ್ತದೆ, ಸುತ್ತಿಗೊಮ್ಮೆ ಅದೇ ತುಂಡು ಜಾರುತ್ತದೆ. 10,000 ಕಿ.ಮೀ. ಮುಗಿಯುವಷ್ಟರಲ್ಲಿ ಹೆಚ್ಚೆಂದರೆ 3 ಕಿ.ಮೀ.ನಷ್ಟು ದೂರ ಪ್ರತಿಯೊಂದು ತುಂಡೂ ಡಾಂಬರಿನ ಮೇಲೆ ಅಡ್ಡಕ್ಕೆ ಉಜ್ಜಿಕೊಂಡಂತಾಯಿತು. ಹೊಸ ಟೈರಿನ ಗೀರು ಸುಮಾರು 8 ಮಿ.ಮೀ., ನಮ್ಮ ಕಾನೂನು ಒಪ್ಪುವ ಕನಿಷ್ಠ ಆಳ 1.6 ಮಿ.ಮೀ. ಉಜ್ಜಲು ಇರುವ ಬಂಡವಾಳ ಆರೂಚಿಲ್ಲರೆ ಮಿಲಿಮೀಟರ್.

ಇನ್ನು ವಾದದ ತಿರುಳು. ಕೋನ ಎರಡರಷ್ಟಾದರೆ ಸವೆತ ಎರಡರಷ್ಟಾಗುವುದಿಲ್ಲ, ಹೆಚ್ಚುಕಡಿಮೆ ನಾಲ್ಕರಷ್ಟಾಗುತ್ತದೆ. ಬ್ರಿಟನ್ನಿನಲ್ಲಿ ರಬ್ಬರಿನ ಉಜ್ಜುವಿಕೆಯನ್ನು ಅಧ್ಯಯನ ಮಾಡಿದ ಅಡಾಲ್ಫ್ ಶಲ್ಲಮಾಖ್ ಮತ್ತು ಡಿ. ಎಂ. ಟರ್ನರ್ 1960ರಲ್ಲಿ ಪ್ರಕಟಿಸಿದ ಕೆಲಸದ ಸಾರ ಅದು: ಸಣ್ಣ ಕೋನಗಳಲ್ಲಿ ಟೈರಿನ ಸವೆತ ಸ್ಲಿಪ್ ಕೋನದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಕಾರಣ ಹುಡುಕುವುದು ಕಷ್ಟವಲ್ಲ. ಕೋನ ಹೆಚ್ಚಿದರೆ ಜಾರುವ ದೂರವೂ ಹೆಚ್ಚುತ್ತದೆ, ಜಾರುವಾಗ ಒತ್ತುವ ಅಡ್ಡಬಲವೂ ಹೆಚ್ಚುತ್ತದೆ. ಉಜ್ಜುವ ಕೆಲಸ ಎರಡರ ಗುಣಲಬ್ಧ. ಸಾಧಾರಣ ಕಾರಿನ ಟೈರು ಒಂದು ಡಿಗ್ರಿಗೆ ಸುಮಾರು 1,000 ನ್ಯೂಟನ್ ಅಡ್ಡಬಲ ಕೊಡುತ್ತದೆ ಎಂದಿಟ್ಟುಕೊಂಡರೆ, 0.225 ಡಿಗ್ರಿಯಲ್ಲಿ ಚಕ್ರವನ್ನು ಹಿಂದಕ್ಕೆಳೆಯುವ ಬಲ ಒಂದು ನ್ಯೂಟನ್ನಿಗಿಂತ ಕಡಿಮೆ. ಪೆಟ್ರೋಲಿನ ಲೆಕ್ಕದಲ್ಲಿ ಅದು ಗೊತ್ತೇ ಆಗದು. ಟೈ ರಾಡಿನ ಲೆಕ್ಕದಲ್ಲಿ ಬಂದ 0.9 ಡಿಗ್ರಿಗೆ ಅದೇ ಬಲ 14 ನ್ಯೂಟನ್, ಹದಿನಾರು ಪಟ್ಟು. ಒಂದು ಟೈರು ಉರುಳುವಾಗ ಸಹಜವಾಗಿ ಇರುವ ಪ್ರತಿರೋಧವೇ 35 ನ್ಯೂಟನ್ ಆಸುಪಾಸಿನದು. ಅದರ ಮೇಲೆ ಶೇ 40 ಸೇರಿದಂತಾಯಿತು, ಸೇರಿದ್ದೆಲ್ಲ ಟ್ರೆಡ್ಡಿನ ಮೇಲೆಯೇ ಖರ್ಚಾಗುತ್ತದೆ.

ಕ್ಯಾಂಬರ್ ಹೀಗೆ ವರ್ತಿಸುವುದಿಲ್ಲ. ವಾಲಿದ ಚಕ್ರವೂ ಅಡ್ಡಬಲ ಹುಟ್ಟಿಸುತ್ತದೆ, ಆದರೆ ರೇಡಿಯಲ್ ಟೈರಿನಲ್ಲಿ ಡಿಗ್ರಿಗೆ ಡಿಗ್ರಿ ಹೋಲಿಸಿದರೆ ಅದು ಸ್ಲಿಪ್ ಕೋನದ ಬಲದ ಹತ್ತರಲ್ಲಿ ಒಂದು ಪಾಲಿನಷ್ಟು. ಅದಕ್ಕಿಂತ ಮುಖ್ಯವಾದದ್ದು ದಿಕ್ಕು. ವಾಲಿದ ಚಕ್ರದ ಮೂತಿ ಹೋಗುವ ದಾರಿಯತ್ತಲೇ ಇರುವುದರಿಂದ ಆ ಬಲ ದಾರಿಗೆ ಲಂಬವಾಗಿರುತ್ತದೆ, ಚಕ್ರವನ್ನು ಹಿಂದಕ್ಕೆ ಎಳೆಯುವುದಿಲ್ಲ. ಸವೆತ ಇಲ್ಲವೆಂದಲ್ಲ. ವಾಲಿದ ಚಕ್ರ ಶಂಕುವಿನ ಹಾಗೆ ಸುತ್ತಿ ಉರುಳಲು ನೋಡುತ್ತದೆ, ಕಾರು ಅದನ್ನು ನೇರಕ್ಕೆ ಎಳೆಯುತ್ತದೆ, ಒಳಅಂಚಿಗೂ ಹೊರಅಂಚಿಗೂ ವೇಗದಲ್ಲಿ ಚೂರು ತಾಳ ತಪ್ಪುತ್ತದೆ. 1 ಡಿಗ್ರಿ ವಾಲಿಗೆ ಎರಡು ಅಂಚುಗಳ ತ್ರಿಜ್ಯದಲ್ಲಿ ಬರುವ ವ್ಯತ್ಯಾಸ ಶೇ 1ಕ್ಕಿಂತ ಕಡಿಮೆ, ಅದರಲ್ಲೂ ಬಹುಪಾಲನ್ನು ರಬ್ಬರಿನ ಬಾಗುವಿಕೆಯೇ ನುಂಗಿಕೊಳ್ಳುತ್ತದೆ. ಪಾದ ಒಳಮಗ್ಗುಲಿಗೆ ವಾಲಿಸಿ ನಡೆಯುವವರ ಚಪ್ಪಲಿಗೂ ಕಾಲೆಳೆದು ನಡೆಯುವವರ ಚಪ್ಪಲಿಗೂ ಇರುವ ವ್ಯತ್ಯಾಸ ಇಲ್ಲೂ ಇದೆ. ಎರಡೂ ಒಟ್ಟಾದರೆ ಕೇಡು. ಒಳವಾಲು ಒಳಅಂಚಿನ ಮೇಲೆ ಭಾರ ಹೇರುತ್ತದೆ, ಟೋ ಔಟ್ ಕೂಡ ಅಡ್ಡಬಲದ ಮೂಲಕ ಒಳಅಂಚನ್ನೇ ಒತ್ತುತ್ತದೆ, ಟೈರಿನ ಅಗಲಕ್ಕೆಲ್ಲ ಹಂಚಿಹೋಗಬೇಕಿದ್ದ ಉಜ್ಜಾಟ ಎರಡು ಬೆರಳಗಲದ ಪಟ್ಟಿಗೆ ಇಳಿಯುತ್ತದೆ. ನೋಡುವವರು ಪಟ್ಟಿಯ ಜಾಗವನ್ನು ನೋಡಿ ಕ್ಯಾಂಬರ್ ಅನ್ನುತ್ತಾರೆ.

ಇದಕ್ಕೊಂದು ಗಟ್ಟಿ ಆಕ್ಷೇಪವಿದೆ. ತಗ್ಗಿಸದ ಕಾರು ಕೂಡ ನಾಲ್ಕು ಜನ ಕೂತಾಗ ಇಳಿಯುತ್ತದೆ, ಹಂಪ್ ದಾಟುವಾಗ ಅದರ ಸ್ಪ್ರಿಂಗು 40 ಮಿ.ಮೀ. ಸಲೀಸಾಗಿ ಕುಗ್ಗುತ್ತದೆ, ಜ್ಯಾಮಿತಿ ಅದೇ ಆದಮೇಲೆ ಅದರ ಟೈರು ಯಾಕೆ ಹಾಳಾಗುವುದಿಲ್ಲ? ಹಂಪಿನ ಮೇಲೆ ಕೆಟ್ಟ ಟೋ ಇರುವುದು ಕಣ್ಣು ಮಿಟುಕಿಸುವಷ್ಟು ಹೊತ್ತು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸೂಚಿಸಿರುವ ಹಂಪಿನ ಅಗಲ 3.7 ಮೀಟರು, ಎತ್ತರ 10 ಸೆಂಟಿಮೀಟರು. (ನಮ್ಮ ಊರುಗಳಲ್ಲಿ ಎಷ್ಟು ಹಂಪುಗಳು ಈ ಅಳತೆಗೆ ಹೊಂದುತ್ತವೆ ಎಂಬುದು ಬೇರೆ ಪುರಾಣ.) ಒಂದು ಕಿಲೋಮೀಟರಿನಲ್ಲಿ ಅಂಥವು ಐದಿದ್ದರೂ ಚಕ್ರ ಹಂಪಿನ ಮೇಲೆ ಕಳೆಯುವ ದೂರ 20 ಮೀಟರು ದಾಟದು. ತಗ್ಗಿಸಿದ ಕಾರು ಉಳಿದ 980 ಮೀಟರನ್ನೂ ಅದೇ ಜ್ಯಾಮಿತಿಯಲ್ಲಿ ಓಡುತ್ತದೆ. ಸದಾ ಭಾರ ಹೊತ್ತೇ ಓಡುವ ಬಾಡಿಗೆ ಕಾರಿಗೆ, ಆಕ್ಷೇಪ ಹೇಳುವಂತೆಯೇ, ಸ್ವಲ್ಪ ಮಟ್ಟಿಗೆ ಈ ಕಾಯಿಲೆ ಬರುವ ಸಾಧ್ಯತೆ ಇದೆ. ತಯಾರಕರೂ ಇದನ್ನು ಬಲ್ಲರು: ಬಿಎಂಡಬ್ಲ್ಯೂ ತನ್ನ ಹಲವು ಮಾದರಿಗಳಿಗೆ ಅಲೈನ್‌ಮೆಂಟ್, ಅಂದರೆ ಚಕ್ರದ ಕೋನಗಳನ್ನು ಅಳೆದು ಹೊಂದಿಸುವ ಕೆಲಸ, ಮಾಡುವ ಮುನ್ನ ಮುಂದಿನ ಸೀಟುಗಳ ಮೇಲೆ ತಲಾ 68 ಕಿಲೋ, ಹಿಂದಿನ ಸೀಟಿನ ಮೇಲೆ 68 ಕಿಲೋ, ಡಿಕ್ಕಿಯಲ್ಲಿ 21 ಕಿಲೋ ಇಟ್ಟು, ಟ್ಯಾಂಕು ತುಂಬಿಸಿ ಅಳೆಯಲು ಹೇಳುತ್ತಿತ್ತು.

ಎರಡನೆಯ ಆಕ್ಷೇಪ ಎದುರು ದಿಕ್ಕಿನಿಂದ ಬರುತ್ತದೆ. ಹಾಗಾದರೆ ಕ್ಯಾಂಬರ್ ಎಷ್ಟಿದ್ದರೂ ನಡೆಯುತ್ತದೆಯೇ? ನಡೆಯುವುದಿಲ್ಲ. 1998ರಲ್ಲಿ ಬಂದ ಬಿಎಂಡಬ್ಲ್ಯೂ 3 ಸೀರೀಸ್ ಕಾರುಗಳ ಹಿಂಚಕ್ರಕ್ಕೆ ಕಾರ್ಖಾನೆಯಲ್ಲೇ ಒಂದೂವರೆಯಿಂದ ಎರಡು ಡಿಗ್ರಿಯಷ್ಟು ಒಳವಾಲು ಇತ್ತು. ಅವುಗಳ ಒಳಅಂಚು ತುಸು ಮುಂಚೆ ಸವೆಯುತ್ತಿತ್ತು ನಿಜ, ಆದರೆ ಟೋ ಸರಿಯಿದ್ದಾಗ ಅದು ನಿಧಾನದ ಸವೆತ. ಅಲ್ಲಿಂದ ನಾಲ್ಕು, ಐದು ಡಿಗ್ರಿಗೆ ಹೋದರೆ ನೆಲಕ್ಕೆ ತಾಗುವ ಭಾಗವೇ ಚಿಕ್ಕದಾಗುತ್ತದೆ, ಅಂಚು ಬಿಸಿಯೇರುತ್ತದೆ, ನೇರ ರಸ್ತೆಯಲ್ಲಿ ಬ್ರೇಕ್ ಒತ್ತಿದಾಗ ಹಿಡಿತ ಕಡಿಮೆಯಾಗುತ್ತದೆ. ಜಪಾನಿನಲ್ಲಿ ‘ಓನಿಕ್ಯಾನ್’ ಎಂದು ಕರೆಯುವ, ಚಕ್ರಗಳು ಕಾಲು ಚಾಚಿ ಕೂತಂತೆ ಕಾಣುವ ಶೈಲಿಯಲ್ಲಿ ವಾಲು ಹತ್ತು ಡಿಗ್ರಿಯನ್ನೂ ಮೀರುತ್ತದೆ. ಅಲ್ಲಿ ಯಾವ ಟೋ ಹೊಂದಾಣಿಕೆಯೂ ಟೈರನ್ನು ಉಳಿಸದು, ಉಳಿಸುವ ಇರಾದೆಯೂ ಆ ಮಾಲೀಕರಿಗಿಲ್ಲ. ರೇಸಿನ ಕಾರುಗಳು 3 ಡಿಗ್ರಿ ವಾಲನ್ನು, ಜೊತೆಗೆ ಚೂರು ಟೋ ಔಟನ್ನು ಬೇಕೆಂದೇ ಇಟ್ಟುಕೊಳ್ಳುತ್ತವೆ, ಆದರೆ ಅವುಗಳ ಟೈರಿನ ಆಯುಷ್ಯವನ್ನು ಗಂಟೆಗಳಲ್ಲಿ ಎಣಿಸುತ್ತಾರೆ. ನನ್ನ ವಾದದ ವ್ಯಾಪ್ತಿ ದಿನಬಳಕೆಯ, 30ರಿಂದ 50 ಮಿ.ಮೀ. ತಗ್ಗಿಸಿದ, ಎರಡು ಎರಡೂವರೆ ಡಿಗ್ರಿಯೊಳಗೆ ವಾಲಿದ ಕಾರು. ಅದರಲ್ಲಿ ಕ್ಯಾಂಬರನ್ನು ಹಾಗೇ ಬಿಟ್ಟು ಟೋ ಒಂದನ್ನೇ ಸರಿಮಾಡಿದರೂ ಟೈರಿನ ಬಾಳಿಕೆ ಕಣ್ಣಿಗೆ ಕಾಣುವಷ್ಟು ಹೆಚ್ಚುತ್ತದೆ. ಟೋ ಬಿಟ್ಟು ಕ್ಯಾಂಬರ್ ಒಂದನ್ನೇ ಸರಿಮಾಡಿದರೆ ಹಾನಿಯೇ ಆಗಬಹುದು.

ಹಾನಿ ಹೇಗೆಂದರೆ, ಸ್ಟ್ರಟ್ ಇರುವ ಕಾರಿನಲ್ಲಿ ಕ್ಯಾಂಬರ್ ಬೋಲ್ಟ್ ಹಾಕಿ ಚಕ್ರವನ್ನು ನೆಟ್ಟಗೆ ಮಾಡುವಾಗ ಅದು ಲೋಯರ್ ಆರ್ಮಿನ ಹೊರತುದಿಯಲ್ಲಿರುವ ಬಾಲ್ ಜಾಯಿಂಟಿನ ಸುತ್ತ ತಿರುಗುತ್ತದೆ. ಟೈ ರಾಡಿನ ತುದಿ ಆ ಜಾಯಿಂಟಿಗಿಂತ 60 ಮಿ.ಮೀ. ಮೇಲಿದ್ದರೆ, ಕ್ಯಾಂಬರನ್ನು 1 ಡಿಗ್ರಿ ಬದಲಿಸಿದಾಗ ಅಲ್ಲಿ ಸುಮಾರು 1 ಮಿ.ಮೀ. ಏರುಪೇರಾಗುತ್ತದೆ. ಟೈ ರಾಡಿನ ಉದ್ದ ಬದಲಾಗದ್ದರಿಂದ ಆ 1 ಮಿ.ಮೀ. ಚಕ್ರದ ಮೂತಿಯನ್ನು ಅರ್ಧ ಡಿಗ್ರಿಯಷ್ಟು ತಿರುಗಿಸುತ್ತದೆ. ಮಾಲೀಕ ಕಾಣುವ ವಾಲನ್ನು ತೆಗೆಸಿ, ಕಾಣದ ಟೋವನ್ನು ಕೊಂಡುಕೊಂಡ ಹಾಗಾಯಿತು. ಕ್ಯಾಂಬರ್ ಕಿಟ್ ಹಾಕಿಸಿದ ಮೇಲೂ ಟೈರು ಹೋಯಿತು ಎಂಬ ದೂರಿಗೆ ಎಷ್ಟೋ ಸಲ ಇದೇ ಕಾರಣ.

ಅಲೈನ್‌ಮೆಂಟ್ ಮಾಡಿಸಿದ್ದೇವೆ, ಎಲ್ಲ ಅಂಕಿಯೂ ಹಸಿರಿನಲ್ಲಿತ್ತು ಎಂಬುದು ಮೂರನೆಯ ಆಕ್ಷೇಪ. ಯಂತ್ರ ತೋರಿಸುವ ಹಸಿರು ಕಾರ್ಖಾನೆಯ ಎತ್ತರದ ಕಾರಿಗೆ ತಯಾರಕರು ಒಪ್ಪಿದ ಮಿತಿ. ಆ ಮಿತಿಯ ಒಂದು ಕೊನೆಗಿರುವ ಟೋ, ನೆಟ್ಟಗಿನ ಚಕ್ರಕ್ಕೆ ಸಹ್ಯವಾದೀತು. ಎರಡು ಡಿಗ್ರಿ ವಾಲಿದ ಚಕ್ರದಲ್ಲಿ ಅದೇ ಟೋ ಅಂಚಿನ ಸಣ್ಣ ಪಟ್ಟಿಯ ಮೇಲೆ ಕೆಲಸ ಮಾಡುತ್ತದೆ. ಹಾಗಾಗಿ ತಗ್ಗಿಸಿದ ಕಾರಿಗೆ ಹಸಿರು ಸಾಲದು, ಸೊನ್ನೆಗೆ ಆದಷ್ಟು ಹತ್ತಿರ ಇಡಿ ಎಂದು ಕೇಳಬೇಕು. ಸೊನ್ನೆಯೇ ಏಕೆ ಬೇಡ ಎಂಬುದಕ್ಕೂ ಕಾರಣವಿದೆ. ಆರ್ಮ್‌ಗಳ ಕೀಲಿನಲ್ಲಿರುವ ಬುಷ್‌ಗಳು ರಬ್ಬರಿನವು, ಓಡುವಾಗ ಬಾಗುತ್ತವೆ. ಮುಂಚಕ್ರಕ್ಕೆ ಎಂಜಿನ್ ಬಲ ಸಿಗುವ ಕಾರಿನಲ್ಲಿ ಎಳೆತದಿಂದ ಚಕ್ರಗಳ ಮೂತಿ ಒಳಕ್ಕೆ ಸರಿಯುತ್ತದೆ, ಹಿಂಚಕ್ರಕ್ಕೆ ಸಿಗುವ ಕಾರಿನಲ್ಲಿ ಮುಂಚಕ್ರಗಳು ಹೊರಕ್ಕೆ. ನಿಂತ ಕಾರಿನಲ್ಲಿ ಎದುರು ದಿಕ್ಕಿಗೆ ಕೂದಲೆಳೆಯಷ್ಟು ಬಿಟ್ಟರೆ ಓಡುವಾಗ ಅದು ಸೊನ್ನೆಗೆ ಬರುತ್ತದೆ. ಟೈರ್ ರೊಟೇಷನ್ ಮಾಡಿಸಿದರೆ ಸಾಕು ಎನ್ನುವವರಿಗೆ ಉತ್ತರ ಒಂದೇ ಸಾಲಿನದು: ಅದು ಸವೆತವನ್ನು ನಾಲ್ಕು ಟೈರಿಗೆ ಹಂಚುತ್ತದೆ, ತಗ್ಗಿಸುವುದಿಲ್ಲ.

ಯಾವ ಕೋನ ತಿನ್ನುತ್ತಿದೆ ಎಂಬುದನ್ನು ಟೈರೇ ಹೇಳಬಲ್ಲದು, ಅದಕ್ಕೆ ಯಂತ್ರವೂ ಬೇಡ. ಅಂಗೈಯನ್ನು ಟ್ರೆಡ್ಡಿನ ಮೇಲೆ ಅಡ್ಡಡ್ಡ ಸವರಬೇಕು, ಮೊದಲು ಒಳಗಿನಿಂದ ಹೊರಕ್ಕೆ, ಆಮೇಲೆ ಹೊರಗಿನಿಂದ ಒಳಕ್ಕೆ. ಒಂದು ಕಡೆ ನುಣುಪಾಗಿ, ಇನ್ನೊಂದು ಕಡೆ ಗರಗಸದ ಹಲ್ಲಿನಂತೆ ಕೈಗೆ ಚುಚ್ಚಿದರೆ ಟೋ ಕೆಟ್ಟಿದೆ. ಪ್ರತಿ ತುಂಡೂ ಒಂದೇ ಕಡೆಗೆ ಜಾರಿ ಜಾರಿ ಅದರ ಒಂದಂಚು ಚೂಪಾಗಿರುತ್ತದೆ. ಯಾವ ಚುಚ್ಚೂ ಇಲ್ಲದೆ ಒಳಕ್ಕೆ ಹೋದಂತೆ ನಯವಾಗಿ ಇಳಿಜಾರಾಗಿದ್ದರೆ ಅದು ಕ್ಯಾಂಬರಿನ ಕೆಲಸ. ಅಲ್ಲಲ್ಲಿ ಹಳ್ಳ ಬಿದ್ದಂತಿದ್ದರೆ ಶಾಕ್ ಅಬ್ಸಾರ್ಬರ್ ಸತ್ತಿದೆ. ಗಿಡ್ಡ ಸ್ಪ್ರಿಂಗ್ ಹಾಕಿಸಿ ಹಳೇ ಶಾಕ್ ಉಳಿಸಿಕೊಂಡ ಕಾರುಗಳಲ್ಲಿ ಇದೂ ಸಾಮಾನ್ಯ.

ಸರಿಪಡಿಸುವ ಕ್ರಮವೂ ಇದೇ ತರ್ಕದಿಂದ ಹುಟ್ಟುತ್ತದೆ. ಬುಷ್, ಬಾಲ್ ಜಾಯಿಂಟ್, ಟೈ ರಾಡ್ ತುದಿಗಳಲ್ಲಿ ಸಡಿಲವಿದ್ದರೆ ಮೊದಲು ಅವನ್ನು ಬದಲಿಸಬೇಕು, ಸಡಿಲ ಕೀಲಿನ ಮೇಲೆ ಕೂಡಿಸಿದ ಕೋನ ರಸ್ತೆಯಲ್ಲಿ ನಿಲ್ಲದು. ಹೊಸ ಸ್ಪ್ರಿಂಗುಗಳು ಕೂರಲು ಕೆಲವು ದಿನ ಓಡಿಸಬೇಕು. ಆರ್ಮ್‌ಗಳ ಬುಷ್ ಬೋಲ್ಟನ್ನು ಕಾರು ಲಿಫ್ಟಿನಲ್ಲಿ ತೂಗಾಡುತ್ತಿರುವಾಗ ಬಿಗಿದಿದ್ದರೆ, ಕಾರು ಇಳಿದಾಗ ಬುಷ್ ತಿರುಚಿಕೊಂಡು ಕಾರನ್ನು ಮೇಲಕ್ಕೆ ತಳ್ಳುತ್ತಿರುತ್ತದೆ. ಅದನ್ನು ಸಡಿಲಿಸಿ, ಚಕ್ರಗಳ ಮೇಲೆ ಭಾರವಿರುವಾಗ ಮತ್ತೆ ಬಿಗಿಯಬೇಕು. ಆಮೇಲೆ ಕ್ಯಾಂಬರ್ ಬದಲಿಸುವುದಿದ್ದರೆ ಅದು, ಕಟ್ಟಕಡೆಗೆ ಟೋ. ಹಿಂದಿನ ಟೋ ಬದಲಿಸಲು ಬರುವ ಕಾರಾದರೆ ಹಿಂದಿನದನ್ನು ಮೊದಲು ಮಾಡಬೇಕು, ಕಾರು ಯಾವ ಕಡೆಗೆ ತಳ್ಳಲ್ಪಡುತ್ತದೆ ಎಂಬುದನ್ನು ಹಿಂಚಕ್ರಗಳೇ ನಿರ್ಧರಿಸುವುದರಿಂದ ಮುಂದಿನದನ್ನು ಅದಕ್ಕೆ ಹೊಂದಿಸಬೇಕು. ಸ್ವಿಫ್ಟ್, ಪೋಲೊಗಳ ಹಿಂಭಾಗದಲ್ಲಿರುವುದು ಎರಡು ಚಕ್ರಗಳನ್ನು ಒಂದೇ ತೊಲೆಗೆ ಬೆಸೆದ ಜೋಡಣೆ. ತಗ್ಗಿಸಿದರೆ ಅದರ ಕೋನಗಳು ಅಷ್ಟಾಗಿ ಕೆಡುವುದಿಲ್ಲ, ಕೆಟ್ಟರೆ ತಿರುಗಿಸಲು ನಟ್ಟೂ ಇಲ್ಲ, ಹಬ್ಬಿನ ಹಿಂದೆ ತೆಳು ಓರೆ ಬಿಲ್ಲೆ ಕೂರಿಸಬೇಕಷ್ಟೇ. ಹಿಂದೆ ಹಲವು ಲಿಂಕುಗಳಿರುವ ಕಾರುಗಳಲ್ಲಿ ಮಾತ್ರ ಹಿಂಚಕ್ರದ ಟೋ ಮುಂದಿನದಕ್ಕಿಂತ ಕೆಟ್ಟದಾಗಿ ಹಾದಿ ತಪ್ಪಬಲ್ಲದು. ಅಲ್ಲಿ ಹಿಂದಿನ ಟೈರುಗಳನ್ನೂ ಸವರಿ ನೋಡದೆ ಬಿಡಬಾರದು.

ತಗ್ಗಿಸಿದರೆ ಕಾರು ರಸ್ತೆಗೆ ಅಂಟಿಕೊಳ್ಳುತ್ತದೆ ಎಂಬ ನಂಬಿಕೆಯನ್ನೂ ಇಲ್ಲೇ ಸ್ವಲ್ಪ ತಡೆದು ಕೇಳಬಹುದು. ಗುರುತ್ವ ಕೇಂದ್ರ 40 ಮಿ.ಮೀ. ಇಳಿದದ್ದು ಲಾಭವೇ. ಆದರೆ ಸ್ಟ್ರಟ್ ಇರುವ ಕಾರಿನಲ್ಲಿ ಲೋಯರ್ ಆರ್ಮಿನ ಓರೆ ಬದಲಾದಾಗ, ಕಾರು ಬಾಗುವಾಗ ಯಾವ ಬಿಂದುವಿನ ಸುತ್ತ ಹೊರಳುತ್ತದೋ ಆ ಬಿಂದು ಅದಕ್ಕಿಂತ ವೇಗವಾಗಿ ಕೆಳಗಿಳಿಯುತ್ತದೆ. ಎರಡರ ನಡುವಿನ ಅಂತರ ಹೆಚ್ಚಿ, ಗಟ್ಟಿ ಸ್ಪ್ರಿಂಗ್ ಇಲ್ಲದಿದ್ದರೆ ಕಾರು ಮೊದಲಿಗಿಂತ ಹೆಚ್ಚೇ ಬಾಗುತ್ತದೆ. ಕಾನೂನಿನ ಮಾತೂ ಇದೆ: ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ತಯಾರಕರ ಮೂಲ ವಿವರಗಳಿಂದ ಬೇರೆಯಾಗುವಂತೆ ವಾಹನವನ್ನು ಬದಲಿಸುವುದನ್ನು ತಡೆಯುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಬಿಗಿಯಾಗಿಯೇ ಅರ್ಥೈಸಿತು. ಆರ್‌ಟಿಒ ಇನ್‌ಸ್ಪೆಕ್ಟರಿಗೆ ಸ್ಲಿಪ್ ಕೋನದ ಲೆಕ್ಕ ತೋರಿಸಿ ಪ್ರಯೋಜನವಿಲ್ಲ.

ಒಂದು ತೊಡಕು ಉಳಿಯುತ್ತದೆ. ಟೈ ರಾಡನ್ನು ಉದ್ದ ಗಿಡ್ಡ ಮಾಡಿ ಟೋ ಸೊನ್ನೆಗೆ ತಂದರೂ, ಅದು ಸೊನ್ನೆಯಾಗಿರುವುದು ಅಲೈನ್‌ಮೆಂಟ್ ಮಾಡಿದ ಎತ್ತರದಲ್ಲಿ ಮಾತ್ರ. ಟೈ ರಾಡಿನ ಓರೆ ಹಾಗೇ ಇರುವುದರಿಂದ ಕಾರು ಇನ್ನೊಂದಿಷ್ಟು ಕುಗ್ಗಿದರೆ ಟೋ ಮತ್ತೆ ಓಡುತ್ತದೆ, ತಗ್ಗಿಸದ ಕಾರಿಗಿಂತ ಹೆಚ್ಚು ವೇಗದಲ್ಲಿ ಓಡುತ್ತದೆ. ಆದ್ದರಿಂದ ಒಂದು ಅಂಕಿ ಸಾಲದು, ಮೂರು ಬೇಕು: ಕಾರು ಖಾಲಿ ನಿಂತಾಗ, ಡ್ರೈವರಿನ ತೂಕದ ಮೂಟೆ ಸೀಟಿನ ಮೇಲಿಟ್ಟಾಗ, ನಾಲ್ವರ ತೂಕ ಇಟ್ಟಾಗ. ಮೂರೂ ಸಲ ಟೋ ಹತ್ತಿರ ಹತ್ತಿರ ಇದ್ದರೆ ಟೈ ರಾಡ್ ತಿರುಗಿಸಿದ್ದೇ ಸಾಕು, ಕಾರಿನಲ್ಲಿ ಹೆಚ್ಚಾಗಿ ಎಷ್ಟು ಜನ ಓಡಾಡುತ್ತಾರೋ ಆ ತೂಕದಲ್ಲಿ ಸೊನ್ನೆಯ ಹತ್ತಿರಕ್ಕೆ ತರಿಸಿಕೊಳ್ಳಬಹುದು. ಖಾಲಿಗೂ ತುಂಬಿದ್ದಕ್ಕೂ ನಡುವೆ ಚಕ್ರಕ್ಕೆ ಕಾಲು ಡಿಗ್ರಿಗಿಂತ ಹೆಚ್ಚು ಅಂತರ ಬಂದರೆ ಟೈ ರಾಡಿನ ಹೊರತುದಿಯ ಎತ್ತರವನ್ನೇ ಬದಲಿಸುವ ಜಾಯಿಂಟ್ ಹಾಕಿ ಅದರ ಓರೆಯನ್ನು ತೆಗೆಯಬೇಕು. ಆ ಕಾರಿಗೆ ಅಂಥ ಜಾಯಿಂಟ್ ಸಿಗದಿದ್ದರೆ ಹತ್ತು ಹದಿನೈದು ಮಿಲಿಮೀಟರ್ ಮತ್ತೆ ಏರಿಸುವುದೇ ಅಗ್ಗದ ದಾರಿ.